ಮಠದಿಂದ ಕಂಪನಿಯವರೆಗೆ: ಸಾಮಾಜಿಕ ಕಾದಂಬರಿ ನಡೆದ ದಾರಿ

1899ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ 'ಇಂದಿರಾಬಾಯಿ'ಯನ್ನು ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿಯೆಂದು ಗುರುತಿಸುವುದು ವಾಡಿಕೆ. ಬರೆದವರು ಪೊಲೀಸ್ ಇಲಾಖೆಯಲ್ಲಿದ್ದ ಗುಲ್ವಾಡಿ ವೆಂಕಟರಾಯರು (1844–1913). ವಿಕ್ಟೋರಿಯಾ ರಾಣಿ ತೀರಿಕೊಂಡದ್ದು 1901ರಲ್ಲಿ. ಕಾಲಮಾನದ ಮಟ್ಟಿಗೆ ವೆಂಕಟರಾಯರೂ ವಿಕ್ಟೋರಿಯಾ ಯುಗದ ಕಾದಂಬರಿಕಾರರೇ. ಆ ಯುಗದ ಹಿರಿಯ ಹೆಸರು ಚಾರ್ಲ್ಸ್ ಡಿಕನ್ಸ್. 1824ರಲ್ಲಿ ತಂದೆ ಸಾಲಕ್ಕಾಗಿ ಜೈಲು ಸೇರಿದಾಗ ಹನ್ನೆರಡರ ಹುಡುಗ ಬೂಟ್ ಪಾಲಿಷ್ ತಯಾರಿಸುವಲ್ಲಿ ಕೂಲಿಗೆ ನಿಂತಿದ್ದ. ಮುಂದೆ 'ಆಲಿವರ್ ಟ್ವಿಸ್ಟ್'ನಲ್ಲಿ ಬಡವರ ದುಡಿಮೆಮನೆ, 'ಬ್ಲೀಕ್ ಹೌಸ್'ನಲ್ಲಿ ನ್ಯಾಯಾಲಯ, 'ಹಾರ್ಡ್ ಟೈಮ್ಸ್'ನಲ್ಲಿ (1854) ಗಿರಣಿಯ ಊರು ಅವನ ಎದುರಾಳಿಗಳಾದವು. ದುಷ್ಟ ವ್ಯಕ್ತಿಗಿಂತ ದುಷ್ಟ ವ್ಯವಸ್ಥೆಗೆ ಹೆಚ್ಚು ಆಯಸ್ಸು ಎಂಬುದನ್ನು ಕಥೆಯಾಗಿಸಿದ್ದು ಅವನ ದೊಡ್ಡತನ. ನಮ್ಮ ಕಾದಂಬರಿಯೂ ತನ್ನ ಕಾಲದ ಬಲಿಷ್ಠ ಸಂಸ್ಥೆಯನ್ನು ಗುರುತಿಸಿದಾಗಲೆಲ್ಲ ಬಲ ಪಡೆದಿದೆ ಎಂಬುದು ನನ್ನ ವಾದ.

ವೆಂಕಟರಾಯರು ಎದುರಿಸಿದ್ದು ಮಠ, ಜಾತಿ ಮತ್ತು ಭಕ್ತಿಯ ಸೋಗಿನ ಕೂಟಗಳನ್ನು. ವಿಧವೆಯಾದ ಬಾಲಕಿ ಮನೆ ಬಿಟ್ಟು, ಓದಿ, ತನಗೆ ಒಪ್ಪಿದವನನ್ನು ಮದುವೆಯಾಗುವ ಕಥೆ ಅಂದಿನ ಸಾರಸ್ವತ ಸಮಾಜಕ್ಕೆ ಸುಲಭದ ತುತ್ತಲ್ಲ. 1903ರಲ್ಲೇ ಜಿಲ್ಲೆಯ ಬ್ರಿಟಿಷ್ ಅಧಿಕಾರಿ ಕೌಚ್‌ಮನ್ ಇದನ್ನು ಇಂಗ್ಲಿಷಿಗೆ ತಂದರು. 2019ರಲ್ಲಿ ವನಮಾಲಾ ವಿಶ್ವನಾಥ ಮತ್ತು ಶಿವರಾಮ ಪಡಿಕ್ಕಲ್ ಅವರ ಹೊಸ ಅನುವಾದ ಬಂತು. ಕನ್ನಡ ಕಾದಂಬರಿಯ ಬೇರು ಇಂಗ್ಲಿಷಿನಲ್ಲಲ್ಲ, ಬಂಗಾಳಿ ಮತ್ತು ಮರಾಠಿಯಲ್ಲಿದೆ ಎಂಬ ಆಕ್ಷೇಪ ಇಲ್ಲಿ ಬರಬಹುದು. ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರನ್ನು, ಗಳಗನಾಥರು ಹರಿ ನಾರಾಯಣ ಆಪಟೆಯವರನ್ನು ಕನ್ನಡಕ್ಕೆ ತಂದು ಓದುಗರನ್ನು ಬೆಳೆಸಿದ್ದು ನಿಜ. ನಾನು ಹೇಳುತ್ತಿರುವುದು ಋಣದ ಮಾತನ್ನಲ್ಲ. ಹಳೆಯ ಅಧಿಕಾರ ಅಲುಗಾಡುತ್ತಿದ್ದ ಎರಡು ಸಮಾಜಗಳಲ್ಲಿ ಒಂದೇ ಪ್ರಕಾರ ಒಂದೇ ಬಗೆಯ ಕೆಲಸಕ್ಕೆ ಒದಗಿತು ಎಂಬುದಷ್ಟೇ.

ಮುಂದಿನ ಹೆಜ್ಜೆಗಳೂ ಇದನ್ನೇ ತೋರುತ್ತವೆ. ಕಾರಂತರ 'ಚೋಮನ ದುಡಿ'ಯಲ್ಲಿ (1933) ದಲಿತನಿಗೆ ಬೇಸಾಯದ ಹಕ್ಕನ್ನೇ ನಿರಾಕರಿಸುವ ಭೂಮಿಯ ಕಟ್ಟುಪಾಡು, ನಿರಂಜನರ 'ಚಿರಸ್ಮರಣೆ'ಯಲ್ಲಿ ಕಾಸರಗೋಡು ಸೀಮೆಯ ಕಯ್ಯೂರಿನ ಜಮೀನ್ದಾರಿ ಎದುರು ನಿಂತಿವೆ. ಮುಂಬಯಿಗೆ ಬಂದರೆ ಯಶವಂತ ಚಿತ್ತಾಲರ 'ಶಿಕಾರಿ'ಯಲ್ಲಿ (1979) ಆ ಜಾಗ ಕಂಪನಿಯದು. ಚಿತ್ತಾಲರದು ಒಳಮನಸ್ಸಿನ ಶೋಧ, ಅದನ್ನು ಸಮಾಜವಿಮರ್ಶೆಯ ಸಾಲಿಗೆ ಎಳೆಯಬಾರದು ಎನ್ನುವವರಿದ್ದಾರೆ. ಆದರೆ ಕಥಾನಾಯಕ ನಾಗಪ್ಪನ ಭಯ ಶೂನ್ಯದಲ್ಲಿ ಹುಟ್ಟಿದ್ದಲ್ಲ. ನೌಕರಿಯಿಂದ ಅಮಾನತಾದವನ ಭಯ ಅದು. ಕಚೇರಿಯ ಒಳಸಂಚು ಮನುಷ್ಯನ ನೆನಪು, ನಿದ್ದೆಗಳೊಳಕ್ಕೂ ಇಳಿಯುವುದನ್ನು ಕಾಣಿಸಿದ್ದರಿಂದಲೇ ಆ ಅಂತರಂಗದ ಕಥೆ ಇಷ್ಟು ತೀವ್ರವಾಯಿತು.

ಈ ದಾರಿಯ ಮುಂದಿನ ನಿಲುಗಡೆ ನವಿ ಮುಂಬಯಿಯ ಕಳಂಬೋಲಿಯಂಥ ಊರು ಎಂದು ನನಗನಿಸುತ್ತದೆ. 1970ರಲ್ಲಿ ಸ್ಥಾಪನೆಯಾದ ಸರ್ಕಾರಿ ನಗರಯೋಜನಾ ಪ್ರಾಧಿಕಾರ ಸಿಡ್ಕೊ ರೈತರ ಭೂಮಿ ಪಡೆದು ನವಿ ಮುಂಬಯಿಯನ್ನು ಕಟ್ಟಿತು. ಭೂಮಿ ಕೊಟ್ಟವರಿಗೆ ಶೇ. 12.5ರಷ್ಟು ಅಭಿವೃದ್ಧಿಪಡಿಸಿದ ಜಾಗ ಮರಳಿಸುವ ಯೋಜನೆ ಹೋರಾಟದ ನಂತರ ಬಂತು. ಮುಂಬಯಿಯ ಉಕ್ಕಿನ ವ್ಯಾಪಾರಕ್ಕೆ ಕಳಂಬೋಲಿಯಲ್ಲಿ ಮಾರುಕಟ್ಟೆ ಎದ್ದಿತು. ಪುಣೆಯ ಎಕ್ಸ್‌ಪ್ರೆಸ್‌ವೇ ಅಲ್ಲಿಂದಲೇ ಹೊರಡುತ್ತದೆ. ಲಾರಿ, ಗೋದಾಮು, ಪ್ಲಾಟು, ಕಂತಿನ ಮನೆಗಳ ಈ ಜಗತ್ತನ್ನು ಸಣ್ಣಕಥೆ ಈಗಾಗಲೇ ಮುಟ್ಟಿದೆ, ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳಿಗೆ 2018ರ ಸಾಲಿನ ಡಿಎಸ್‌ಸಿ ಪ್ರಶಸ್ತಿಯೂ ಬಂದಿದೆ, ಇನ್ನೇನು ಬೇಕು ಎನ್ನಬಹುದು. ಸಣ್ಣಕಥೆ ಒಂದು ಗಳಿಗೆಯ ಕರುಣೆಯನ್ನು ಹಿಡಿಯುತ್ತದೆ, ಅದು ಅಮೂಲ್ಯ. ಆದರೆ ಒಂದು ಪ್ರಾಧಿಕಾರದ ನಕ್ಷೆ ಮೂರು ತಲೆಮಾರುಗಳ ಬದುಕನ್ನು ನಿಧಾನವಾಗಿ ತಿರುಗಿಸುವ ಬಗೆಯನ್ನು ಹೇಳಲು ಕಾದಂಬರಿಯ ಹರವೇ ಬೇಕು. ಗುಲ್ವಾಡಿಯವರಿಗೆ ಮಠ ಹೇಗೋ, ಚಿತ್ತಾಲರಿಗೆ ಕಂಪನಿ ಹೇಗೋ, ಇಂದಿನ ಕನ್ನಡ ಕಾದಂಬರಿಕಾರರಿಗೆ ಈ ಯೋಜಿತ ನಗರ ಹಾಗೆ. ಮುಂಬಯಿ ಕನ್ನಡಿಗರು ಬದುಕು ಕಟ್ಟಿಕೊಂಡಿರುವ ಈ ನೆಲವನ್ನು ಅವರು ಕೈಗೆತ್ತಿಕೊಳ್ಳಬೇಕು.