ಹಿಂಡಿದ ಮೇಲೂ ಉಳಿದ ಸಿಹಿ

ಹಿಪ್ಪೆ (ನಾಮಪದ): ರಸ ಹಿಂಡಿದ ಮೇಲೆ ಉಳಿಯುವ ನಾರು.

‘ಹಿಂಡಿ ಹಿಪ್ಪೆ ಮಾಡಿದರು’ ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ; ಸತ್ವ ಬತ್ತಿದ್ದು ಎಂಬುದೇ ಅಲ್ಲಿನ ಅರ್ಥ. ತೆಲುಗಿನಲ್ಲಿ ಹಿಪ್ಪೆಗೆ ‘ಪಿಪ್ಪಿ’ ಎನ್ನುತ್ತಾರೆ. ‘ಪಾಲು’ ‘ಹಾಲು’ ಆದಂತೆ ಕನ್ನಡದಲ್ಲಿ ಪಕಾರ ಹಕಾರವಾಗಿದೆ. ತಮಿಳರು ‘ಸಕ್ಕೈ’ ಎನ್ನುತ್ತಾರೆ. ಎಣ್ಣೆಬೀಜ ಕೊಡುವ ಹಿಪ್ಪೆಮರದ ಹೆಸರು ಬೇರೆಯೇ ಪದ. ಅದಕ್ಕೆ ‘ಇಪ್ಪೆ’ ಎಂಬ ರೂಪವೂ ಇದೆ. ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಹಿಪ್ಪೆಗೆ ಹೇಳುವ ‘ಬಗಾಸ್’ ಸ್ಪ್ಯಾನಿಷ್‌ನ ‘ಬಗಾಸೊ’ ಮೂಲದ್ದು.

ಆದರೆ ಹಿಪ್ಪೆಯ ಸತ್ವ ಪೂರ್ತಿ ಬತ್ತಿರುವುದಿಲ್ಲ. ಕಬ್ಬಿನ ಹಿಪ್ಪೆಯ ಸೆಲ್ಯುಲೋಸ್ ಗ್ಲೂಕೋಸಿನ ಉದ್ದ ಸರಪಳಿ. ಲಿಗ್ನಿನ್, ಹೆಮಿಸೆಲ್ಯುಲೋಸ್‌ಗಳು ಅದನ್ನು ಬಿಗಿದಿಟ್ಟಿವೆ. ಬಿಸಿ ಹಬೆ, ತೆಳು ಆಮ್ಲ ಅಥವಾ ಕ್ಷಾರದಿಂದ ಪೂರ್ವಸಂಸ್ಕರಿಸಿದರೆ ಬಿಗಿ ಸಡಿಲುತ್ತದೆ. ಆಗ ಕಿಣ್ವಗಳು ಗ್ಲೂಕೋಸ್ ಬಿಡಿಸುತ್ತವೆ, ಯೀಸ್ಟ್ ಅದನ್ನು ಎಥನಾಲ್ ಮಾಡುತ್ತದೆ. ಆದ್ದರಿಂದ ನಿಘಂಟುಗಳು ಹಿಪ್ಪೆಗೆ ‘ಇಂಧನದ ಕಚ್ಚಾವಸ್ತು’ ಎಂಬ ಅರ್ಥವನ್ನೂ ಸೇರಿಸಲಿ. ವಿಜ್ಞಾನ ಬರಹಗಳಲ್ಲಿ ನಾವು ‘ಬಗಾಸ್’ ಬದಲು ‘ಕಬ್ಬಿನ ಹಿಪ್ಪೆ’ ಎಂದೇ ಬರೆಯೋಣ.