ಗೋಡೆಯ ಮೇಲಿನ ಮುಳಶಿ

ಸಹ್ಯಾದ್ರಿಯ ಜಲಾಶಯಗಳ ಫೋಟೋಗಳು ಈಗ ಗೋಡೆಯ ಕ್ಯಾನ್ವಾಸಿನಿಂದ ಹಿಡಿದು ಕುಶನ್ ಕವರು, ಕಿಟಕಿ ಪರದೆ, ಕಾಫಿ ಮಗ್ಗಿನವರೆಗೆ ಎಲ್ಲದರ ಮೇಲೂ ಬರುತ್ತಿವೆ. ಬಹುವರ್ಷಗಳಿಂದ ಪುಣೆಯಲ್ಲಿರುವ ನನಗೆ ಅವುಗಳಲ್ಲಿ ಮುಳಶಿ ಸಿಕ್ಕಿದರೆ ಕಣ್ಣು ಅಲ್ಲೇ ನಿಲ್ಲುತ್ತದೆ. ಹಸಿರು ಗುಡ್ಡ, ಮಂಜು, ಕದಲದ ನೀರು. ಚಿತ್ರದ ಹೆಸರು ಮಾತ್ರ 'ಸರೋವರ'. ನನ್ನ ತಕರಾರು ಆ ಒಂದು ಪದದ ಬಗ್ಗೆ.

ಗೋಡೆಗೆ ಚಿತ್ರ ಹಾಕುವ ಅಭ್ಯಾಸ ನಮಗೆ ಹೊಸದಲ್ಲ ಬಿಡಿ. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಶುರುಮಾಡಿದ ಕಲ್ಲಚ್ಚಿನ ಪ್ರೆಸ್ಸು ಕೆಲವೇ ವರ್ಷಗಳಲ್ಲಿ ಲೋಣಾವಳದ ಪಕ್ಕದ ಮಳವಲಿಗೆ ಬಂತು. ಮನೆಮನೆಯ ಲಕ್ಷ್ಮಿ, ಸರಸ್ವತಿಯರು ಇದೇ ಬೆಟ್ಟಗಳ ನಡುವೆ ಅಚ್ಚಾಗಿ ಊರೂರಿಗೆ ಹೋದರು. ಆಮೇಲೆ ಕಟಿಂಗ್ ಶಾಪುಗಳ ಕ್ಯಾಲೆಂಡರಿನಲ್ಲಿ ಸ್ವಿಟ್ಜರ್ಲೆಂಡಿನ ಹಿಮ ಬಂತು. ಈಗ ಫೋಟೋವನ್ನು ವಿಶೇಷ ಕಾಗದದ ಮೇಲೆ ಮುದ್ರಿಸಿ, ಪಾಲಿಯೆಸ್ಟರ್ ಬಟ್ಟೆಗೆ ಒತ್ತಿ, ಸುಮಾರು 200 ಡಿಗ್ರಿ ಶಾಖ ಕೊಡುತ್ತಾರೆ. ಬಣ್ಣ ಆವಿಯಾಗಿ ನೂಲಿನೊಳಗೇ ಸೇರಿಕೊಳ್ಳುತ್ತದೆ, ಒಗೆದರೂ ಸುಲಭಕ್ಕೆ ಬಿಡುವುದಿಲ್ಲ. ಒಂದೇ ಒಂದು ದಿಂಬು ಬೇಕೆಂದರೂ ಮಾಡಿಕೊಡುತ್ತಾರೆ.

ಇನ್ನು ಆ ನೀರಿನ ಕತೆ. ಮುಳಾ ಮತ್ತು ನೀಲಾ ನದಿಗಳು ಸೇರುವಲ್ಲಿ ಅಣೆಕಟ್ಟು ಕಟ್ಟಿ, ಮುಂಬೈಗೆ ಕರೆಂಟು ಕೊಡುವುದು ಟಾಟಾ ಕಂಪನಿಯ ಯೋಜನೆ. ಮುಳುಗಬೇಕಾಗಿದ್ದದ್ದು ಸುಮಾರು ಐವತ್ತು ಹಳ್ಳಿಗಳು. ಮಾವಿನ ಹೂವಿನ ಪರಿಮಳದ ಆಂಬೆಮೋಹರ ಅಕ್ಕಿ ಬೆಳೆಯುವ ಗದ್ದೆಗಳು ಬೇರೆ. ಬ್ರಿಟಿಷ್ ಸರ್ಕಾರ 1894ರ ಭೂಸ್ವಾಧೀನ ಕಾಯ್ದೆಯನ್ನು ಕಂಪನಿಯ ಕೈಗೆ ಕೊಟ್ಟಿತು. 1921ರ ಏಪ್ರಿಲ್ 16, ರಾಮನವಮಿಯ ದಿನ, ಮಾವಳ ರೈತರು ಕೆಲಸದ ಜಾಗದಲ್ಲೇ ಸತ್ಯಾಗ್ರಹಕ್ಕೆ ಕೂತರು. ಮುಂದಾಳು ಪಾಂಡುರಂಗ ಮಹಾದೇವ ಬಾಪಟ್. ಜನ ಅವರನ್ನು 'ಸೇನಾಪತಿ' ಅಂತ ಕರೆದದ್ದು ಈ ಹೋರಾಟದಿಂದಲೇ.

ಹೋರಾಟ ಸೋತದ್ದು ಲಾಠಿ, ಜೈಲುಗಳಿಂದ ಮಾತ್ರ ಅಲ್ಲ. ಅಲ್ಲಿನ ಬಹಳಷ್ಟು ಜಮೀನು ಪುಣೆಯ ಸಾಹುಕಾರರ ಹೆಸರಿಗೆ ಹೋಗಿತ್ತು. ಅವರು ಪರಿಹಾರದ ಲೆಕ್ಕ ಹಾಕಿ ಹಿಂದೆ ಸರಿದರು. ಉತ್ತವನಿಗೆ ಊರೂ ಹೋಯಿತು, ನೆಲವೂ ಹೋಯಿತು. 1924ರ ಹೊತ್ತಿಗೆ ಎಲ್ಲ ಮುಗಿದಿತ್ತು. ರಾಜೇಂದ್ರ ವೋರಾ ಅವರು ಇದನ್ನು ಜಗತ್ತಿನ ಮೊದಲ ಅಣೆಕಟ್ಟು ವಿರೋಧಿ ಚಳವಳಿ ಎಂದು ಕರೆದು ಒಂದು ಪುಸ್ತಕವನ್ನೇ ಬರೆದಿದ್ದಾರೆ. ಭಿರಾ ವಿದ್ಯುದಾಗಾರ 1927ರಲ್ಲಿ ಶುರುವಾಯಿತು.

ನಮಗೂ ಇದಕ್ಕೂ ನಂಟಿದೆ, ನೋಡಿ. ಮುಳಾ ಪೂರ್ವಕ್ಕೆ ಹರಿಯುವ ನದಿ. ಪುಣೆಯಲ್ಲಿ ಮುಠೆಯನ್ನು ಕೂಡಿಕೊಂಡು ಭೀಮೆಗೆ ಸೇರುತ್ತದೆ. ಭೀಮೆ ನಮ್ಮ ವಿಜಯಪುರ, ಕಲಬುರಗಿ ಸೀಮೆ ಹಾದು ಕೃಷ್ಣೆಯನ್ನು ಸೇರುತ್ತಾಳೆ. ಆದರೆ ಮುಳಶಿಯಲ್ಲಿ ನಿಂತ ನೀರನ್ನು ಘಟ್ಟದ ಆಚೆ ತಿರುಗಿಸಿ, ಸುಮಾರು 500 ಮೀಟರ್ ಕೆಳಗಿನ ಭಿರಾಕ್ಕೆ ಬೀಳಿಸುತ್ತಾರೆ. ಅದು ಕುಂಡಲಿಕಾ ನದಿ ಹಿಡಿದು ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಭೀಮಾತೀರಕ್ಕೆ ಬರಬೇಕಾದ ನೀರು ಕೊಂಕಣದ ಪಾಲು. ಗೋಡೆಯ ಮೇಲೆ ನಿಶ್ಚಲವಾಗಿ ಕಾಣುವ ನೀರು ಒಂದು ನದಿಯ ದಿಕ್ಕನ್ನೇ ಬದಲಿಸಿದ ನೀರು!

ಕುಶನ್ನಿನ ಚಿತ್ರಗಳಲ್ಲಿ ಅಣೆಕಟ್ಟಿನ ಗೋಡೆ ಕಂಡದ್ದು ನನಗೆ ನೆನಪಿಲ್ಲ. ಚೌಕಟ್ಟು ಅದಕ್ಕಿಂತ ಇತ್ತಲೇ ಮುಗಿದಿರುತ್ತದೆ. ಕಾಲವೂ ಮಳೆಗಾಲದ ಕೊನೆಯೇ. ಮೇ ತಿಂಗಳಲ್ಲಿ ನೀರು ಇಳಿದು ಬಿರುಕುಬಿಟ್ಟ ಮಣ್ಣಿನ ದಡ ಕಾಣುವಾಗಿನ ಫೋಟೋ ಯಾರ ಸೋಫಾಕ್ಕೂ ಬೇಡ.

ಚಿತ್ರ ಹಾಕಲೇಬೇಡಿ ಅನ್ನುವಷ್ಟು ಅರಸಿಕ ನಾನಲ್ಲ. ಮುಳಶಿ ನಿಜಕ್ಕೂ ಚೆಂದ. ಅಲ್ಲಿಯ ಕರೆಂಟಿನಿಂದ ಮುಂಬೈ ಬೆಳೆಯಿತು, ಆ ಮುಂಬೈ ನಮ್ಮ ಎಷ್ಟೋ ಜನರಿಗೆ ಅನ್ನ ಕೊಟ್ಟಿತು. ಆ ಋಣವೂ ಲೆಕ್ಕದಲ್ಲಿರಬೇಕು. ನಾನು ಕೇಳುವುದು ಇಷ್ಟೇ: ಮಾರುವವರು 'ಸರೋವರ' ಅನ್ನುವ ಬದಲು 'ಮುಳಶಿ ಜಲಾಶಯ, 1927' ಅಂತ ಹಾಕಲಿ. 1964ರ ಲಿಂಗನಮಕ್ಕಿಯ ಹಿನ್ನೀರಿನ ಚಿತ್ರಕ್ಕೂ ಹಾಗೆಯೇ. ಶರಾವತಿ ಕಣಿವೆಯಲ್ಲಿ ಮನೆ ಕಳೆದುಕೊಂಡವರ ಮೊಮ್ಮಕ್ಕಳು ನಮ್ಮ ನಡುವೆಯೇ ಇದ್ದಾರೆ. ಬಂದ ನೆಂಟರು ದಿಂಬು ನೋಡಿ "ಇದ್ಯಾವ ಕೆರೆ?" ಅಂತ ಕೇಳಿದರೆ, ಕೆರೆಯಲ್ಲ ಎಂಬಲ್ಲಿಂದಲೇ ಮಾತು ಶುರುವಾಗಲಿ.