ತೆರೆದಿರಬೇಕಾದದ್ದಕ್ಕೆ ಬೀಗ, ಬೀಗ ಹಾಕಬೇಕಾದದ್ದು ಮಾರಾಟಕ್ಕೆ: ಭಾರತದ ಡೇಟಾಬೇಸ್ ಉದ್ಯಮ

ಸುಪ್ರೀಂ ಕೋರ್ಟಿನ ತೀರ್ಪು ಯಾರ ಆಸ್ತಿ? ನ್ಯಾಯಮೂರ್ತಿಗಳ ಸಂಬಳದಿಂದ ಕೋರ್ಟಿನ ಕರೆಂಟ್ ಬಿಲ್‌ವರೆಗೆ ಎಲ್ಲವೂ ನಮ್ಮ ತೆರಿಗೆ ಹಣ. ಆದರೂ ಹಳೆಯ ತೀರ್ಪೊಂದನ್ನು ಸಲೀಸಾಗಿ ಹುಡುಕಿ ಓದೋಕೆ ವಕೀಲರು, ಕಾನೂನು ಕಾಲೇಜುಗಳು ಖಾಸಗಿ ಡೇಟಾಬೇಸ್‌ಗಳಿಗೆ ಚಂದಾ ಕಟ್ಟುತ್ತಲೇ ಬಂದಿದ್ದಾರೆ. ಯಾಕೆ ಹೀಗೆ?

ಮಾರುವುದು ಏನನ್ನು?

ಚದುರಿಬಿದ್ದ ದಾಖಲೆಗಳನ್ನು ಒಟ್ಟು ಮಾಡಿ, ತಪ್ಪು ತಿದ್ದಿ, ವಿಂಗಡಿಸಿ, ಹುಡುಕಿದರೆ ಸಿಗುವಂತೆ ಮಾಡುವುದೇ ಈ ಉದ್ಯಮದ ಕೆಲಸ. ಕಾನೂನು ಕ್ಷೇತ್ರದಲ್ಲಿ ಎಸ್‌ಸಿಸಿ ಆನ್‌ಲೈನ್, ಮನುಪಾತ್ರ ದೊಡ್ಡ ಹೆಸರುಗಳು. ಆರ್ಥಿಕ ಮಾಹಿತಿಯಲ್ಲಿ 1976ರಲ್ಲಿ ಶುರುವಾದ, ಮುಂಬೈನ ಸಿಎಂಐಇ ಸಂಸ್ಥೆ ಇದೆ. ಕಂಪನಿಗಳ ಲೆಕ್ಕಪತ್ರ ಆಧರಿಸಿದ 'ಪ್ರೊವೆಸ್' ಅದರದ್ದೇ. ಇಲ್ಲಿನ ಕಚ್ಚಾವಸ್ತು ಬಹುಪಾಲು ಸಾರ್ವಜನಿಕ ದಾಖಲೆ. ಬೆಲೆ ಇರುವುದು ಅದನ್ನು ಜೋಡಿಸುವ ಶ್ರಮಕ್ಕೆ. ಆ ಶ್ರಮ ಸಣ್ಣದೇನಲ್ಲ, ಅದನ್ನು ಒಪ್ಪಿಕೊಳ್ಳಲೇಬೇಕು.

ಕಾನೂನು ಏನನ್ನುತ್ತೆ?

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕಂಪ್ಯೂಟರ್ ಡೇಟಾಬೇಸ್ ಕೂಡ ಒಂದು 'ಸಾಹಿತ್ಯ ಕೃತಿ'. ಆದರೆ ಕೋರ್ಟ್ ನಿಷೇಧಿಸದ ಹೊರತು ತೀರ್ಪನ್ನು ಯಾರು ಬೇಕಾದರೂ ಪ್ರಕಟಿಸಬಹುದು ಅಂತಲೂ ಅದೇ ಕಾಯ್ದೆ ಹೇಳುತ್ತದೆ. ಈಸ್ಟರ್ನ್ ಬುಕ್ ಕಂಪನಿ ವರ್ಸಸ್ ಡಿ.ಬಿ. ಮೋದಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2007ರ ಡಿಸೆಂಬರ್‌ನಲ್ಲಿ ಗೆರೆ ಎಳೆಯಿತು: ಮೂಲ ತೀರ್ಪಿನ ಮೇಲೆ ಪ್ರಕಾಶಕರಿಗೆ ಹಕ್ಕಿಲ್ಲ, ಪ್ಯಾರಾಗಳನ್ನು ವಿಂಗಡಿಸಿ ಸಂಖ್ಯೆ ಕೊಡುವಂಥ ಸಂಪಾದಕರ ಕೊಡುಗೆಗಷ್ಟೇ ರಕ್ಷಣೆ. ಡೇಟಾಬೇಸ್ ಕಟ್ಟಲು ಬಂಡವಾಳ ಹಾಕಿದವರಿಗೆ ಯುರೋಪಿಯನ್ ಒಕ್ಕೂಟ 1996ರಿಂದ 15 ವರ್ಷಗಳ ಪ್ರತ್ಯೇಕ ಹಕ್ಕು ಕೊಡುತ್ತದೆ. ಭಾರತದಲ್ಲಿ ಅಂಥ ಹಕ್ಕಿಲ್ಲ.

ಹಾಗಾಗಿಯೇ ಉಚಿತ ದಾರಿಗೆ ಜಾಗ ಉಳಿಯಿತು. 2008ರಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಸುಶಾಂತ್ ಸಿನ್ಹಾ 'ಇಂಡಿಯನ್ ಕಾನೂನ್' ಶುರು ಮಾಡಿದರು. ಸುಪ್ರೀಂ ಕೋರ್ಟ್ ತಾನೇ ಸುಮಾರು 34,000 ತೀರ್ಪುಗಳನ್ನು ಇ-ಎಸ್‌ಸಿಆರ್ ಮೂಲಕ ಉಚಿತವಾಗಿ ತೆರೆದದ್ದು 2023ರ ಜನವರಿಯಲ್ಲಿ.

ಸರ್ಕಾರವೇ ಅಂಗಡಿ ತೆರೆದಾಗ

ಇನ್ನೊಂದು ಕಡೆ ನೋಡಿ. ನಮ್ಮ ವಾಹನ ನೋಂದಣಿ ಮತ್ತು ಡ್ರೈವಿಂಗ್ ಲೈಸೆನ್ಸ್ ವಿವರಗಳಿರುವ 'ವಾಹನ್', 'ಸಾರಥಿ' ಡೇಟಾಬೇಸ್‌ಗಳನ್ನು 87 ಖಾಸಗಿ ಮತ್ತು 32 ಸರ್ಕಾರಿ ಸಂಸ್ಥೆಗಳಿಗೆ ತೆರೆದು 65 ಕೋಟಿ ರೂಪಾಯಿ ಗಳಿಸಿದ್ದಾಗಿ 2019ರ ಜುಲೈನಲ್ಲಿ ಕೇಂದ್ರ ಸಚಿವ ನಿತಿನ್ ಗಡ್ಕರಿ ರಾಜ್ಯಸಭೆಗೆ ತಿಳಿಸಿದರು. ಲೈಸೆನ್ಸ್ ಮಾಡಿಸುವಾಗ ಇದಕ್ಕೆ ನಮ್ಮ ಒಪ್ಪಿಗೆ ಕೇಳಿದ್ದರಾ? ಸಗಟು ಡೇಟಾ ಮಾರಾಟದ ಈ ನೀತಿಯನ್ನು ಖಾಸಗಿತನದ ಪ್ರಶ್ನೆ ಎದ್ದ ಮೇಲೆ 2020ರ ಜೂನ್‌ನಲ್ಲಿ ಕೈಬಿಡಲಾಯಿತು.

ಮುಚ್ಚಿಟ್ಟರೆ ಏನಾಗುತ್ತೆ?

ಬೇಕಾದ ಅಂಕಿಅಂಶವನ್ನು ಮಾತ್ರ ತಡೆಹಿಡಿಯಲಾಗುತ್ತದೆ. 2017-18ರ ನಿರುದ್ಯೋಗ ಶೇ. 6.1 ಎಂದ ಸರ್ಕಾರಿ ಸಮೀಕ್ಷೆ ಲೋಕಸಭಾ ಚುನಾವಣೆ ಮುಗಿಯುವವರೆಗೆ ಹೊರಬರಲಿಲ್ಲ. ಅಧಿಕೃತವಾಗಿ ಬಂದದ್ದು 2019ರ ಮೇ 31ಕ್ಕೆ. ಇದನ್ನು ತಡೆದದ್ದಕ್ಕೆ ರಾಷ್ಟ್ರೀಯ ಸಾಂಖ್ಯಿಕ ಆಯೋಗದ ಪಿ.ಸಿ. ಮೋಹನನ್ ಜನವರಿಯಲ್ಲೇ ರಾಜೀನಾಮೆ ಕೊಟ್ಟಿದ್ದರು. ಇಂಥ ಹೊತ್ತಲ್ಲಿ ಉದ್ಯೋಗದ ಚರ್ಚೆಗೆ ಆಸರೆಯಾದದ್ದು ಸಿಎಂಐಇಯ ಖಾಸಗಿ ಸಮೀಕ್ಷೆ. ಆದರೆ ಅದರ ಮನೆ-ಮನೆಯ ಪೂರ್ಣ ದತ್ತಾಂಶ ಬೇಕೆಂದರೆ ಚಂದಾ ಕಟ್ಟಬೇಕು. ಅಂದ್ರೆ, ಸರ್ಕಾರ ಮುಚ್ಚಿಟ್ಟಷ್ಟೂ ಸತ್ಯ ದುಬಾರಿಯಾಗುತ್ತದೆ.

ಈಗ ಕೇಳಬೇಕಾದದ್ದು

ಉದ್ಯಮ ಬೆಳೆಯಲಿ, ತಕರಾರಿಲ್ಲ. ತಕರಾರಿರುವುದು ತಲೆಕೆಳಗಾದ ವ್ಯವಸ್ಥೆಯ ಬಗ್ಗೆ. ಪ್ರಭುತ್ವದ ತೀರ್ಮಾನಗಳು, ಅಂಕಿಅಂಶಗಳು ತೆರೆದಿರಬೇಕು. ನಮ್ಮ ಖಾಸಗಿ ವಿವರಗಳಿಗೆ ಬೀಗ ಇರಬೇಕು. ಆದರೆ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ 44(3)ನೇ ಸೆಕ್ಷನ್, ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ)ಯಲ್ಲಿದ್ದ ಸಾರ್ವಜನಿಕ ಹಿತಾಸಕ್ತಿಯ ಷರತ್ತನ್ನೇ ಕಿತ್ತುಹಾಕುತ್ತದೆ. 'ವೈಯಕ್ತಿಕ ಮಾಹಿತಿ' ಎಂಬ ನೆಪದಲ್ಲಿ ಅಧಿಕಾರಿಯ ಆಸ್ತಿ ವಿವರ, ಫಲಾನುಭವಿಗಳ ಪಟ್ಟಿ ನಿರಾಕರಿಸುವುದು ಇನ್ನು ಸುಲಭ.

ಹಾಗಾಗಿ ಮುಂದಿನ ಸಲ ಯಾರಾದರೂ 'ಡೇಟಾ ಎಂದರೆ ಸಂಪತ್ತು' ಅಂದರೆ, ಒಂದೇ ಮಾತು ಕೇಳಿ: ಯಾರ ಸಂಪತ್ತು ಸ್ವಾಮಿ?